ನಾಲೆ ಏರಿಯ ಸೈಕಲ್ ಟೀಚರು

ಹೋದ ಶುಕ್ರವಾರ ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ದೇವಸ್ಥಾನದಿಂದ ಮನೆಗೆ ಬರುತ್ತಿದ್ದೆ. ಪಂಚರ್ ಅಂಗಡಿಯವನು ಒಂದು ಟ್ಯೂಬನ್ನು ಮಂಡಿಯ ಮೇಲೆ ಹಾಕಿಕೊಂಡು ಸೊಲ್ಯೂಷನ್ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಹೊಡೆಯಿತು. ಕೈಯಲ್ಲಿದ್ದ ಪ್ರಸಾದದ ತುಳಸಿಯೂ ಅದರ ಮುಂದೆ ನಿಲ್ಲಲಿಲ್ಲ. ಬೇರೆಯವರು ಮೂಗು ಮುಚ್ಚಿಕೊಂಡು ದಾಟಿ ಹೋಗುವ ವಾಸನೆ ಅದು. ನನಗೆ ಮಾತ್ರ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನಮ್ಮ ಟೀಚರ ಸೆರಗಿನಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಪಾಂಡವಪುರದ ಹತ್ತಿರದ ಹಳ್ಳಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಊರಿನ ಮಿಡ್ಲ್ ಸ್ಕೂಲಿಗೆ ಹೊಲಿಗೆ ಟೀಚರಾಗಿ ಬಂದವರು ನಮ್ಮ ಮನೆಯ ಹೊರಗಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಮೈಸೂರಿನ ಕಡೆಯವರು, ಒಬ್ಬರೇ. ಯಾಕೆ ಒಬ್ಬರೇ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಮಾನು ಎತ್ತಿನ ಗಾಡಿಯಲ್ಲಿ ಬಂತು. ಗಾಡಿಯ ಹಿಂದೆ ಅವರು ಲೇಡೀಸ್ ಸೈಕಲ್ ತುಳಿದುಕೊಂಡು ಬಂದರು. ಸೀರೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಒಂದು ಬಲೆ, ಬುಟ್ಟಿ ಹೆಣೆಯುವ ಹಸಿರು ಹಳದಿ ವೈರಿನಲ್ಲಿ ಅವರೇ ಹೆಣೆದದ್ದು. ಊರಿನ ಹೆಂಗಸರು ಮೊದಲು ನೋಡಿದ್ದು ಆ ಬಲೆಯನ್ನು, ಆಮೇಲೆ ಅವರ ಮುಖವನ್ನು.

ನಮ್ಮೂರಿನ ಹೆಣ್ಣುಮಕ್ಕಳ ಓದು ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಹೈಸ್ಕೂಲು ಇದ್ದದ್ದು ಪಾಂಡವಪುರದಲ್ಲಿ. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿ ಬಾಗಿಲಿಗೆ ಜನ ಜೋತುಬಿದ್ದಿರುತ್ತಿದ್ದರು. ಡ್ರೈವರು ಕೈ ಬೀಸಿ ಹೊರಟೇ ಬಿಡುತ್ತಿದ್ದ. ಗಂಡುಹುಡುಗರು ಸೈಕಲ್ ಹತ್ತಿ ಹೋಗುತ್ತಿದ್ದರು. ನನ್ನ ನಾದಿನಿ ಆ ವರ್ಷ ಎಂಟನೇ ಕ್ಲಾಸಿಗೆ ಸೇರಿದಳು. ಜಾಣ ಹುಡುಗಿ. ಆದರೆ ವಾರದಲ್ಲಿ ಅರ್ಧಕ್ಕರ್ಧ ದಿನ ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬಂದು ಚೀಲವನ್ನು ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದಳು. ದಸರಾ ಹೊತ್ತಿಗೆ ನಮ್ಮ ಅತ್ತೆ, ಇನ್ನು ಸಾಕು, ಬಿಡಿಸಿಬಿಡೋಣ ಎನ್ನುವ ಮಾತು ತೆಗೆದರು.

ಆ ಮಾತು ಹೊರಗಿನ ಕೋಣೆಗೆ ಕೇಳಿಸಿತೇನೋ. ಟೀಚರು ಬಂದು ನಡುಮನೆಯ ಬಾಗಿಲಲ್ಲಿ ನಿಂತರು.

"ಅಮ್ಮ, ನಿಮ್ಮ ಮನೇಲೇ ಒಂದು ಸೈಕಲ್ ಮೂಲೇಲಿ ಬಿದ್ದಿದೆಯಲ್ಲ. ಅವಳು ಅದರಲ್ಲಿ ಹೋಗಲಿ."

ನಮ್ಮ ಯಜಮಾನರು ಮೊಪೆಡ್ ತಂದ ಮೇಲೆ ದನದ ಕೊಟ್ಟಿಗೆ ಸೇರಿದ್ದ ಸೈಕಲ್ಲು ಅದು. ಗಂಡಸರದ್ದು, ನಡುವೆ ಅಡ್ಡ ಕಂಬಿ ಇದ್ದದ್ದು.

"ಎಣ್ಣೈಕ್ಳು ಅಂಗೆ ಕಾಲೆತ್ತಾಕಂಡು ಸೈಕಲ್ ಮ್ಯಾಲೆ ಓದ್ರೆ ನೋಡೋರು ಏನಂದಾರು ಟೀಚರಮ್ಮ?" ಎಂದರು ಅತ್ತೆ.

"ನಾನು ಬಂದಾಗ ಏನಂದ್ರೋ ಅದನ್ನೇ ಅಂತಾರೆ. ಈಗ ಯಾರಾದ್ರೂ ಅಂತಾರಾ ಹೇಳಿ? ಸುಸ್ತಾಗಿ ಬಿಟ್ಟುಬಿಟ್ರು."

ಅತ್ತೆ ನಕ್ಕುಬಿಟ್ಟರು. ಅವರು ನಕ್ಕರೆ ಅರ್ಧ ಒಪ್ಪಿದ ಹಾಗೆ. ಅಷ್ಟಾದರೂ ದೇವರು ದಯೆ ಮಾಡಿದ ಎಂದುಕೊಂಡು ನಾನು ಒಳಗೆ ಹೋಗಿ ಕಾಫಿಗಿಟ್ಟೆ.

ಸಂಜೆ ಹೊತ್ತು ಕಣದಲ್ಲಿ ಕಲಿಕೆ ಶುರುವಾಯಿತು. ಮೊದಲು ಕಂಬಿಯ ಕೆಳಗಿಂದ ಕಾಲು ತೂರಿಸಿ ಒಳಪೆಡ್ಲು, ಆಮೇಲೆ ಕಂಬಿಯ ಮೇಲೆ. ಲಂಗದ ಒಳಗೆ ಹಾಕಿಕೊಳ್ಳಲು ಟೀಚರು ಹಳೇ ಸೀರೆಯಲ್ಲಿ ಚೂಡಿದಾರ್ ಪ್ಯಾಂಟು ಹೊಲಿದುಕೊಟ್ಟರು. ಹುಡುಗಿ ಬೀಳುತ್ತಿದ್ದಳು, ಏಳುತ್ತಿದ್ದಳು. ಆಯುಧಪೂಜೆ ಬಂತು. ನೇಗಿಲು, ಕುಡುಗೋಲು, ಮೊಪೆಡ್ಡು, ಎಲ್ಲದರ ಜೊತೆಗೆ ಸೈಕಲ್ಲನ್ನೂ ತೊಳೆದು ನಿಲ್ಲಿಸಿದೆವು. ಅತ್ತೆ ತಾವೇ ವಿಭೂತಿ ಬಳಿದು, ಕುಂಕುಮ ಇಟ್ಟು, ಹ್ಯಾಂಡಲಿಗೆ ಸೇವಂತಿಗೆ ಸುತ್ತಿದರು. ಟೀಚರ ಮುಖ ನೋಡಬೇಕಿತ್ತು. ಇನ್ನೇನು ಗೆದ್ದೆವು ಎಂದು ನನಗೂ ಅನ್ನಿಸಿತು.

ರಜೆ ಮುಗಿದ ದಿನ ನಾದಿನಿ ಚೀಲ ಹಾಕಿಕೊಂಡು ಸೈಕಲ್ ಹತ್ತಲು ಹೋದಳು. ಅತ್ತೆ ಓಡಿಬಂದು ಹ್ಯಾಂಡಲು ಹಿಡಿದರು.

"ಲೇ, ನಿಂತ್ಕೊಳೇ. ಕುಂಕ್ಮ ಇಟ್ಟಿವ್ನಿ. ಲಕ್ಷ್ಮಿ ಕಣೇ ಅದು. ಅದ್ರ ಮ್ಯಾಲೆ ಕಾಲ್ ಆಕೀಯಾ?"

"ಅಣ್ಣ ಮೊಪೆಡ್ ಮ್ಯಾಲೆ ಕುಂತ್ಕಂಡ್ ಓಗ್ನಿಲ್ವಾ?"

"ಅವ್ನು ಗಂಡುಸು. ಬಾಯ್ ಮುಚ್ಚು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೈಕಲ್ಲು ಬರೀ ಕಬ್ಬಿಣವಾಗಿದ್ದಾಗ ಒಪ್ಪಿದ್ದವರು, ಪೂಜೆ ಮಾಡಿದ ಮೇಲೆ ಬೇಡವೆನ್ನುತ್ತಿದ್ದರು. ಟೀಚರು ತಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದರು. ವಾದ ಮಾಡಲಿಲ್ಲ.

"ಅಮ್ಮ, ಬೆಳಿಗ್ಗೆ ಎದ್ದು ಕಾಲು ಕೆಳಗಿಡೋಕೆ ಮುಂಚೆ ನೀವೇನು ಮಾಡ್ತೀರಿ?"

"ನೆಲ ಮುಟ್ಟಿ ಕಣ್ಗೊತ್ಕತೀನಿ. ಭೂಮ್ತಾಯಿ ಅಲ್ವಾ."

"ಆಮೇಲೆ?"

"ಆಮ್ಯಾಕೆ ಏನು? ಎದ್ದು ಓಡಾಡ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ಅತ್ತೆಗೇ ಗೊತ್ತಾಗಿಹೋಯಿತು. ಸ್ವಲ್ಪ ಹೊತ್ತು ಹ್ಯಾಂಡಲು ಬಿಡಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, "ಮುಟ್ಟಿ ಕಣ್ಗೊತ್ಕಂಡು ಸೈಕಲ್ ಅತ್ತು. ದಿನಾ ಮಾಡ್ಬೇಕು. ಮರ್ತೀಯೆ" ಎಂದರು. ಹುಡುಗಿ ಪೆಡಲು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಕಾಲೆತ್ತಿ ಹಾಕಿ ಹೊರಟಳು. ಅವಳನ್ನು ನೋಡಿ ಕಲಿತ ಬೇರೆ ಹುಡುಗಿಯರೂ ಹಾಗೇ ಮಾಡತೊಡಗಿದರು. ಅದು ನಮ್ಮೂರಿನ ಹೆಣ್ಣುಮಕ್ಕಳ ಪದ್ಧತಿಯೇ ಆಯಿತು. ಬೇರೆ ಊರಿನವರು ನೋಡಿದರೆ ಯಾವುದೋ ಹರಕೆ ಎಂದುಕೊಳ್ಳುತ್ತಿದ್ದರೋ ಏನೋ.

ಟೀಚರು ಸಂಜೆಯಾದರೆ ಮನೆಮನೆಗೆ ಹೋಗಿ ಕೂರುತ್ತಿದ್ದರು. ಬಸ್ಸು ಕಾಯಬೇಡಿ, ಬಸ್ಸು ನಿಮ್ಮನ್ನು ಕಾಯುವುದಿಲ್ಲ ಎನ್ನುವುದೇ ಅವರ ಮಾತು. ಮಕ್ಕಳ ಟ್ಯೂಬಿಗೆ ತಾವೇ ತೇಪೆ ಹಾಕುತ್ತಿದ್ದರು. ಟೀ ಅಂಗಡಿ ಮುಂದಿನ ಗಂಡಸರು ಸುಮ್ಮನಿರುತ್ತಾರೆಯೇ? "ಏನ್ ಟೀಚರಮ್ಮ, ಒಲಿಗೆ ಕಲ್ಸಿ ಅಂತ ಸರ್ಕಾರ ಕಳ್ಸದ್ರೆ ಸೈಕಲ್ ಕಲಿಸ್ತಾ ಇದ್ದೀರಿ. ನಾಳೀಕೆ ನಮ್ಮೆಮ್ಮೆಗೂ ಕಲ್ಸ್‌ಬುಡಿ" ಎಂದನಂತೆ ಒಬ್ಬ. "ಕಲಿಸ್ತೀನಿ, ಮೊದಲು ನೀವು ಬನ್ನಿ. ಎಮ್ಮೆ ಬೇಗ ಕಲಿಯುತ್ತೆ" ಎಂದು ಇವರು ತುಳಿದುಕೊಂಡು ಹೊರಟೇ ಹೋದರಂತೆ. ಆ ಮಾತು ಊರೆಲ್ಲ ಸುತ್ತಿತು. ಆವತ್ತಿನಿಂದ ಅವರು ಹೊಲಿಗೆ ಟೀಚರಲ್ಲ, ಸೈಕಲ್ ಟೀಚರು.

ದೊಡ್ಡ ರಸ್ತೆಯಲ್ಲಿ ಲಾರಿ ಕಾಟ. ಅದಕ್ಕೆ ಹುಡುಗಿಯರನ್ನು ಪಾಂಡವಪುರದವರೆಗೂ ಹೋಗುವ ನಾಲೆ ಏರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಹೊಂಗೆ ಮರದ ನೆರಳು, ಪಕ್ಕದಲ್ಲೇ ನೀರು. ಗಾಡಿಯೊಂದೂ ಇಲ್ಲ, ಯಾಕೆಂದರೆ ಏರಿಯ ತುಂಬ ಗುಂಡಿ. ಮಳೆ ಬಂದರೆ ಕೆಸರು, ಅರ್ಧ ದಾರಿ ತಳ್ಳಿಕೊಂಡೇ ಹೋಗಬೇಕು. ಟೀಚರು ಪಾಂಡವಪುರದ ನೀರಾವರಿ ಆಫೀಸಿಗೆ ಅಲೆದರು. ಈ ಏರಿಯನ್ನು ಸರಿ ಮಾಡಿಸಿಕೊಡಿ, ನಮ್ಮ ಮಕ್ಕಳು ಓದುತ್ತವೆ ಎಂದು ಕಂಡಕಂಡ ಸಾಹೇಬರಿಗೆ ಹೇಳಿದರು. ನಮ್ಮನ್ನೂ ಒಂದು ಸಲ ಕರೆದುಕೊಂಡು ಹೋದರು. ಸಾಹೇಬರ ಮುಂದೆ ನಾವು ಸೆರಗು ಹೊದ್ದು ಸುಮ್ಮನೆ ನಿಂತಿದ್ದೆವು, ಮಾತೆಲ್ಲ ಅವರದೇ.

ಕೊನೆಗೂ ಕೆಲಸ ಆಯಿತು. ನಾದಿನಿ ಹತ್ತನೇ ಕ್ಲಾಸಿಗೆ ಬಂದಿದ್ದಳು. ಗರಸು ಮಣ್ಣು ಹಾಸಿ, ರೋಲರು ಓಡಿಸಿ ಏರಿಯನ್ನು ಹಲಗೆಯ ಹಾಗೆ ಮಾಡಿದರು. ನಾವು ಚಲುವರಾಯಸ್ವಾಮಿಯ ಹೆಸರಿನಲ್ಲಿ ತೆಂಗಿನಕಾಯಿ ಒಡೆದೆವು. ಆ ಸಂಜೆ ಟೀಚರು ನಮ್ಮ ಜಗಲಿಯ ಮೇಲೆ ಕೂತು ಕಾಯಿಚೂರು ಬೆಲ್ಲ ತಿಂದದ್ದು... ಅಷ್ಟು ಸಂತೋಷವಾಗಿ ನಾನು ಅವರನ್ನು ಮತ್ತೆ ನೋಡಲಿಲ್ಲ.

ಅದು ಆಲೆಮನೆಗಳು ಶುರುವಾಗುವ ಕಾಲ. ದಾರಿ ಚೆನ್ನಾಗಿದೆ ಎಂದ ಮೇಲೆ ಕಬ್ಬಿನ ಟ್ರಾಕ್ಟರುಗಳು ಏರಿ ಹತ್ತಿದವು. ದೊಡ್ಡ ರಸ್ತೆಗಿಂತ ಇದೇ ಹತ್ತಿರ. ಟ್ರೈಲರಿನ ಎರಡೂ ಕಡೆ ಕಬ್ಬು ಚಾಚಿಕೊಂಡು ಬಂದರೆ ಸೈಕಲ್ಲಿಗೆ ಜಾಗವೆಲ್ಲಿ? ಹುಡುಗಿಯರು ಇಳಿದು ಅಂಚಿನಲ್ಲಿ ನಿಲ್ಲಬೇಕು. ಟೀಚರು ಒಂದು ದಿನ ಏರಿಯ ಬಾಯಲ್ಲಿ ಸೈಕಲ್ಲನ್ನು ಅಡ್ಡ ನಿಲ್ಲಿಸಿದರಂತೆ. ಟ್ರಾಕ್ಟರಿನವನು ನಮ್ಮೂರವನೇ. ಜಗಳ ಮಾಡಲಿಲ್ಲ.

"ಅಲ್ಲ ಟೀಚರಮ್ಮ, ದಾರಿ ಮಾಡ್ಸಿ ಅಂತ ಓಡಾಡ್ದೋರೇ ನೀವು. ಮಾಡ್ಸಾದ್ಮೇಲೆ ಓಗ್ಬ್ಯಾಡಿ ಅಂದ್ರೆ ಎಂಗೆ? ನಾವೇನ್ ಈ ಊರೋರಲ್ವಾ?"

ಸೈಕಲ್ಲನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟೆನಮ್ಮ ಎಂದು ಟೀಚರೇ ನನಗೆ ಹೇಳಿದರು. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಗುಂಡಿಗಳೇ ಇಷ್ಟು ದಿನ ಮಕ್ಕಳನ್ನು ಕಾಯುತ್ತಿದ್ದವು, ಅದು ನನಗೆ ತಿಳಿಯಲಿಲ್ಲ ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಟ್ರೈಲರಿನಿಂದ ಚಾಚಿದ್ದ ಕಬ್ಬು ನಾದಿನಿಯ ಹ್ಯಾಂಡಲಿಗೆ ತಗುಲಿತು. ಸೈಕಲ್ಲು, ಹುಡುಗಿ, ಪುಸ್ತಕ, ಎಲ್ಲ ನಾಲೆಯೊಳಕ್ಕೆ. ಸ್ವಾಮಿಯ ದಯೆ, ಆ ವಾರ ನಾಲೆಗೆ ನೀರು ನಿಲ್ಲಿಸಿದ್ದರು. ತಳದಲ್ಲಿ ಕೆಸರು ಮಾತ್ರ ಇತ್ತು. ಮೈಯೆಲ್ಲ ತರಚಿ, ಮುಂಗೈ ಮೂಳೆ ಮುರಿಯಿತು. ನೀರಿದ್ದಿದ್ದರೆ... ಅದನ್ನು ನಾನು ಈಗಲೂ ಮುಂದಕ್ಕೆ ಯೋಚಿಸುವುದಿಲ್ಲ.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಮಾರನೆ ದಿನ ಟೀಚರು ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ಕೂತರು. ಪರೀಕ್ಷೆಗೆ ಉಳಿದಿರುವುದು ಸ್ವಲ್ಪ ದಿನ, ದೊಡ್ಡ ರಸ್ತೆಯಲ್ಲಿ ನಾನೇ ಡಬಲ್ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತೇನೆ ಎಂದು ಕೇಳಿಕೊಂಡರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ ಮಾತ್ ನಂಬಿ ಕಳಿಸ್ದೆ ಕಣವ್ವ. ನನ್ ಮಗು ಬದಿಕ್ತು, ಸಾಕು. ಇನ್ನೇನೂ ಕೇಳ್ಬ್ಯಾಡಿ."

ಒಳಗೆ ಹಾಸಿಗೆಯಲ್ಲಿ ಮಲಗಿದ್ದ ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡಳು. ಆಗಿನ್ನೂ ಆ ಮನೆಯಲ್ಲಿ ನನ್ನ ಮಾತು ನಡೆಯುತ್ತಿರಲಿಲ್ಲ. ಕಾಫಿ ಕೊಟ್ಟೆ. ಅವರು ಲೋಟ ಮುಟ್ಟಿ ಪಕ್ಕಕ್ಕಿಟ್ಟರು.

ನಾದಿನಿ ಪರೀಕ್ಷೆಗೆ ಕೂರಲಿಲ್ಲ. ಬೇಸಿಗೆ ರಜೆಯಲ್ಲಿ ಟೀಚರು ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಸೈಕಲ್ಲನ್ನೂ ಸಾಮಾನಿನ ಜೊತೆ ಗಾಡಿಯ ಮೇಲೆ ಹಾಕಿಸಿ, ತಾವು ಗಾಡಿಯವನ ಪಕ್ಕ ಕೂತರು. ಒಂದು ಹುಡುಗಿಯ ಬಾಳು ನನ್ನಿಂದ ಕೆಟ್ಟಿತು ಎಂದು ನನ್ನ ಕೈ ಹಿಡಿದು ಹೇಳಿದರು. ಹಾಗನ್ನಬೇಡಿ ಎಂದೆ. ಅದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಬಾಕಿ ಹುಡುಗಿಯರೂ ಒಬ್ಬೊಬ್ಬರಾಗಿ ಸೈಕಲ್ ಬಿಟ್ಟರು.

ನಾದಿನಿ ಈಗ ನಾಗಮಂಗಲದಲ್ಲಿ ಸುಖವಾಗಿದ್ದಾಳೆ. ತೆಂಗಿನ ತೋಟ, ಒಳ್ಳೆಯ ಗಂಡ, ಮೊಮ್ಮಗು. ಅದೂ ದೇವರು ಕೊಟ್ಟದ್ದೇ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಆಮೇಲೆ ನಾವೂ ಊರು ಬಿಟ್ಟು ಶ್ರೀರಂಗಪಟ್ಟಣಕ್ಕೆ ಬಂದೆವು. ನಾಲೆ ಏರಿಗೆ ಟಾರು ಬಿದ್ದು, ಈಗ ಅಲ್ಲಿ ಕಾರುಗಳು ಓಡಾಡುತ್ತವೆ.

ಶುಕ್ರವಾರ ಮನೆಗೆ ಬಂದವಳೇ ನಾದಿನಿಗೆ ಫೋನು ಮಾಡಿದೆ. ಇಷ್ಟು ವರ್ಷ ನಾವಿಬ್ಬರೂ ಆ ಮಾತು ತೆಗೆದಿರಲಿಲ್ಲ, ನೋವಾದೀತು ಎಂದು. ಟೀಚರ ನೆನಪಾಯಿತು ಕಣೇ ಎಂದೆ.

"ಅತ್ಗೆಮ್ಮ, ಬಿದ್ದಿದ್ದು ನಂಗೆ ಸರ್ಯಾಗಿ ಗೆಪ್ತೀನೇ ಇಲ್ಲ," ಎಂದಳು. "ಓಗ್ತಿದ್ದುದ್ದು ಗೆಪ್ತಿ ಐತೆ. ಹೊಂಗೆ ಊವ ಉದುರ್ತಿತ್ತಲ್ಲ ತಲೆ ಮ್ಯಾಲೆ... ಎಲ್ಡ್ ವರ್ಷದ್ ಮ್ಯಾಲೆ ಕಣತ್ಗೆ, ಯಾರ್ನೂ ಕಾಯ್ದಂಗೆ ಓಗಿವ್ನಿ."

ಆಮೇಲೆ ಅಡುಗೆ, ಮೊಮ್ಮಗು, ತೆಂಗಿನಕಾಯಿ ಎಂದು ಬೇರೆ ಮಾತಾಡಿದೆವು. ಫೋನು ಇಟ್ಟ ಮೇಲೆ ನನಗೆ ಒಂದೇ ಯೋಚನೆ. ಈ ಮಾತನ್ನು ಟೀಚರಿಗೆ ತಲುಪಿಸಬೇಕು. ಆದರೆ ಅವರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಹೇಳುವವರು ಯಾರೂ ಉಳಿದಿಲ್ಲ. ಸಂಜೆ ದೀಪ ಹಚ್ಚುವಾಗ ಸ್ವಾಮಿಯ ಮುಂದೆ ಹೇಳಿಕೊಂಡೆ. ಸ್ವಾಮಿ ಕೇಳಿಸಿಕೊಂಡಿರುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಟೀಚರು ಕೇಳಲಿಲ್ಲವಲ್ಲ...