ಅಜ್ಜನ ಕೈನೂಲು

ಇಂದು ಸೊರಬದ ಬಸ್ ನಿಲ್ದಾಣದ ಬಳಿ ಒಬ್ಬರು ಹಾಸಿಗೆಗೆ ತುಂಬಲು ಹತ್ತಿ ಹಿಂಜುತ್ತಿದ್ದರು. ಆ ಒಣ ವಾಸನೆ ಮೂಗಿಗೆ ತಾಗಿದೊಡನೆ ಶಿಕಾರಿಪುರದ ನಮ್ಮ ಜಗಲಿಯಲ್ಲಿ ಚರಕದ ಮುಂದೆ ಕುಳಿತಿರುತ್ತಿದ್ದ ಅಜ್ಜ ನೆನಪಾದರು.

ತಾವು ನೂತ ನೂಲಿನ ಬಟ್ಟೆಯನ್ನಷ್ಟೇ ಉಡುವುದಾಗಿ ಅಜ್ಜ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಸಂಕಲ್ಪ ಮಾಡಿದ್ದರು. ಸ್ವಾತಂತ್ರ್ಯ ಬಂದಿತು, ಜೊತೆಯವರೆಲ್ಲ ಗಿರಣಿಯ ಪಂಚೆಗೆ ಹೊರಳಿದರು, ಅಜ್ಜ ಹೊರಳಲಿಲ್ಲ. ಒಮ್ಮೆ ನೂಲಿನ ಲಡಿಗಳನ್ನು ಹೆಗಲಿಗೇರಿಸಿ, ನನ್ನನ್ನೂ ಕರೆದುಕೊಂಡು ಎಂದಿನ ನೇಕಾರರ ಮನೆಗೆ ಹೋದರು.

“ಕೈನೂಲು ಇನ್ನು ನೇಯಂಗಿಲ್ಲ ರೀ ಯಜಮಾನ್ರೆ, ಮಗ್ಗದಾಗ ಹರೀತೈತಿ. ನೀವೂ ಒಂದು ಮಿಲ್ ಪಂಚೆ ತಗಂಡು ಆರಾಮಿರ್ರಿ,” ಎಂದರು ನೇಕಾರರು.

ಅಜ್ಜ ಲಡಿಗಳನ್ನು ಮತ್ತೆ ಹೆಗಲಿಗೇರಿಸಿಕೊಂಡು ಮನೆಗೆ ಮರಳಿದರು.

ನೂಲುವುದನ್ನು ಮಾತ್ರ ಬಿಡಲಿಲ್ಲ. ಉಳಿದಿದ್ದ ಒಂದೇ ಖಾದಿ ಪಂಚೆಯನ್ನು ಹರಿದಲ್ಲೆಲ್ಲ ಆ ನೂಲಿನಿಂದಲೇ ರಫು ಮಾಡಿಕೊಳ್ಳುತ್ತಿದ್ದರು. “ಅಪ್ಪಯ್ಯ, ಪಂಚೆಗಿಂತ ರಫೂನೇ ಜಾಸ್ತಿ ಆತಲ್ಲ!” ಎಂದು ಸೋದರತ್ತೆ ನಗುತ್ತಿದ್ದರು. ಅಜ್ಜ ಹೊಸ ಎಳೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಕೇಳುತ್ತಿದ್ದರು: “ನೋಡಲೇ ತಮ್ಮಾ, ಇದು ಹರಿಯೋ ನೂಲೇನೋ?”

“ಅಲ್ಲಜ್ಜ, ಗಟ್ಟಿ ಐತಿ.”

ಮುಂದೆ ನಾನು ಮೇಷ್ಟರಾಗಿ ಸ್ವದೇಶಿ ಚಳವಳಿಯನ್ನು ಇತಿಹಾಸದಲ್ಲಿಯೂ ಹತ್ತಿ ಗಿರಣಿಗಳನ್ನು ಭೂಗೋಳದಲ್ಲಿಯೂ ಬೇರೆ ಬೇರೆ ಪಾಠಗಳಾಗಿ ಕಲಿಸಿದೆ. ಅವೆರಡರ ನಡುವೆ ಅಜ್ಜ ಒಬ್ಬರೇ ಕುಳಿತಿದ್ದರು.

ಇಂದು ಗಾಳಿಗೆ ಹಾರಿಬಂದ ಹತ್ತಿಯನ್ನು ಬೆರಳುಗಳ ನಡುವೆ ಹೊಸೆದೆ. ಎಳೆ ಬಂದಿತು. ಬೆಳಕಿಗೆ ಹಿಡಿದು ಪಕ್ಕಕ್ಕೆ ತಿರುಗಿದೆ. ಹರಿಯುವ ನೂಲೇ ಎಂದು ಕೇಳಲು ಅಲ್ಲಿ ನನ್ನವರು ಯಾರೂ ಇರಲಿಲ್ಲ.