ಎರರ್ ಹೋದ ಮೇಲಿನ ಭಯ

ಬಾಳೆದಿಂಡು ಹೆಚ್ಚುವಾಗ ನನಗೆ ಚಾಕುವಿನ ಭಯವಿಲ್ಲ, ದಿಂಡಿನದೇ ಭಯ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ದಟ್ಟಗಳ್ಳಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು, ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ನಾರನ್ನು ಬೆರಳಿಗೆ ಸುತ್ತಿ ತೆಗೆದು ಮಜ್ಜಿಗೆ ನೀರಿಗೆ ಹಾಕುತ್ತಿದ್ದೆ. ಆ ಹಸಿ ಒಗರು ವಾಸನೆ ಮೂಗಿಗೆ ಬಡಿದಿದ್ದೇ ತಡ, ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ಬೆನ್ನ ಹಿಂದೆ ಅವಿತುಕೊಂಡಿತು. ನಮ್ಮೆಜಮಾನರು ನಕ್ಕರು. ಎಷ್ಟು ವರ್ಷ ನೋಡಿದರೂ ಅವರಿಗೆ ನಗು ಬರುತ್ತದೆ. ನಾಳೆ ಆಯುಧಪೂಜೆ.

ನೀವೂ ನಗಬಹುದು, ಬೇಜಾರಿಲ್ಲ. ನಾನು ಹುಟ್ಟಾ ಪುಕ್ಕಲು. ಮೇಟಗಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಓನರ್ ಭಯ, ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಸದ್ದಿನ ಭಯ, ಎಲ್ಲಕ್ಕಿಂತ ಹೆಚ್ಚಾಗಿ ಲಿನಕ್ಸ್ ಕಂಪ್ಯೂಟರಿನ ಕಪ್ಪು ಪರದೆಯ ಭಯ. ಬರೆದಿದ್ದನ್ನು ಮೆಷಿನ್ನಿನ ಭಾಷೆಗೆ ಇಳಿಸೋಣ ಅಂತ ಕಂಪೈಲ್ ಮಾಡಿದರೆ ಸಾಕು, ‘ಫೇಟಲ್ ಎರರ್’ ಅಂತ ಬರೋದು. ಫೇಟಲ್ ಅಂದರೆ ಪ್ರಾಣಾಂತಿಕ ಅಂತ ತಾನೇ? ನಾನು ಕೀಬೋರ್ಡಿನಿಂದ ಕೈ ಎತ್ತಿಬಿಡುತ್ತಿದ್ದೆ, ಯಾರಿಗೋ ಏನೋ ಆಗಿಹೋಯಿತು ಅನ್ನುವ ಹಾಗೆ.

ನನಗಿಂತ ದೊಡ್ಡ ಪುಕ್ಕಲರು ಅಂತ ಒಬ್ಬರೇ ಇದ್ದರು, ಪುಟ್ಟಸ್ವಾಮಿ ಸರ್. ನಮ್ಮ ವಿಭಾಗಕ್ಕೆ ಅವರೇ ಹಿರಿಯರು. ಸ್ಕೂಟರ್ ನಿಲ್ಲಿಸಿ ಬೀಗ ಹಾಕಿ, ನಾಕು ಹೆಜ್ಜೆ ಹೋಗಿ, ತಿರುಗಿ ಬಂದು ಬೀಗ ಎಳೆದು ನೋಡುವ ಮನುಷ್ಯ. ಊಟದ ಡಬ್ಬಿ ತೆರೆಯುವ ಮುಂಚೆ ಮೂಸುತ್ತಿದ್ದರು. ನಾವೆಲ್ಲ ಅವರ ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು. ಆದರೆ ವಿಚಿತ್ರ ನೋಡಿ, ಎರರ್ ಬಂದಾಗ ಮಾತ್ರ ಅವರ ಮುಖ ಅರಳೋದು. ಕನ್ನಡಕ ಏರಿಸಿಕೊಂಡು, ಮೊದಲನೇ ಸಾಲಿನಿಂದ ಗಟ್ಟಿಯಾಗಿ ಓದೋರು.

ಹೆಡರ್ ಸಿಗದೆ ನಾನು ಒದ್ದಾಡುತ್ತಿದ್ದಾಗ ಅವರು ಹೇಳಿಕೊಟ್ಟಿದ್ದು ಇವತ್ತಿಗೂ ಮರೆತಿಲ್ಲ. ಹೆಡರ್ ಫೈಲ್ ಅಂದರೆ ಲಗ್ನಪತ್ರಿಕೆಯಂತೆ. ಯಾರು ಯಾರು ಇರುತ್ತಾರೆ ಅಂತ ಬರೀ ಹೆಸರು ಅಚ್ಚಾಗಿರುತ್ತದೆ. ಪತ್ರಿಕೆಯೇ ಸಿಗಲಿಲ್ಲ ಅಂದರೆ ಫೇಟಲ್ ಎರರ್. ಅದೇನೂ ಪ್ರಾಣಾಂತಿಕವಲ್ಲ, ಅದು ಯಾವ ಫೋಲ್ಡರಿನಲ್ಲಿದೆ ಅಂತ ಕಂಪೈಲರಿಗೆ ದಾರಿ ಹೇಳಿದರೆ ಮುಗಿಯಿತು. ಬಿಡಿ ಬಿಡಿ ಫೈಲುಗಳನ್ನು ಒಂದಾಗಿ ಜೋಡಿಸುವ ಲಿಂಕಿಂಗ್ ಅನ್ನೋದು ಮದುವೆಯ ದಿನ. ಪತ್ರಿಕೆಯಲ್ಲಿ ಹೆಸರಿದ್ದವರು ಛತ್ರಕ್ಕೆ ಬರಲೇಬೇಕು. ಬರದಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಲಿಂಕರ್ ಗಲಾಟೆ ತೆಗೆಯುತ್ತದೆ. ನನಗೆ ಅಷ್ಟು ಹೊತ್ತಿಗೆ ಸ್ವಲ್ಪ ಧೈರ್ಯ ಬಂದಿತ್ತು.

ಆ ವರ್ಷ ಆಯುಧಪೂಜೆಯ ದಿನವೇ ಒಂದು ಪ್ರೆಸ್ಸನ್ನು ಹೊಸದಾಗಿ ಚಾಲೂ ಮಾಡಬೇಕು ಅಂತ ಓನರ್ ಪಟ್ಟು ಹಿಡಿದಿದ್ದರು. ಮೆಷಿನ್ ಹಳೆಯದೇ, ಅದಕ್ಕೆ ಹೊಸ ಲಿನಕ್ಸ್ ಪೆಟ್ಟಿಗೆಯೂ ಮುಂದುಗಡೆ ಒಂದು ಬೆಳಕಿನ ಸೆನ್ಸರೂ ಕೂರಿಸಿದ್ದೆವು. ತಗಡು ಇಡುವವರ ಕೈ ಒಳಗಿದ್ದರೆ ಬೆಳಕು ಅಡ್ಡವಾಗುತ್ತದೆ, ಪ್ರೆಸ್ ಇಳಿಯಬಾರದು. ಪ್ರೋಗ್ರಾಮಿನಲ್ಲಿ ‘ಕೈ ಇದೆಯಾ’ ಅಂತ ಕೇಳುವ ಒಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು; ಅದರ ಒಳಗಿನ ಕೆಲಸವೆಲ್ಲ ಸೆನ್ಸರ್ ಕಂಪನಿಯವರು ಬರೆದು ಕೊಟ್ಟ ಲೈಬ್ರರಿ ಅನ್ನುವ ಸಿದ್ಧ ಫೈಲಿನಲ್ಲಿ. ಹಿಂದಿನ ದಿನ ಸಾಯಂಕಾಲದವರೆಗೂ ಲಿಂಕರ್ ಅದೊಂದೇ ಹೆಸರು ಹಿಡಿದು ಹಟ ಮಾಡಿತು. ಪುಟ್ಟಸ್ವಾಮಿ ಸರ್‌ಗೆ ಜ್ವರ, ಬಂದಿರಲಿಲ್ಲ; ಎರರ್ ವಿಷಯ ಫೋನಿನಲ್ಲಿ ಹೇಳಿದ್ದೆವು ಅಷ್ಟೇ. ನನ್ನ ಜೊತೆ ಕೂತಿದ್ದವನು ಮಹೇಶ. ಚುರುಕು ಹುಡುಗ, ಬಾಯಿ ತೆರೆದರೆ ತಮಾಷೆ. ನಾನು ಟೀ ಕುಡಿದು ಬರುವಷ್ಟರಲ್ಲಿ ಎರರ್ ಮಾಯ. ಹೇಗೆ ಹೋಯ್ತೋ ಅಂದರೆ, ಹೋಯ್ತಲ್ಲ ಬುಡಮ್ಮ, ಪೂಜೆ ಆಗ್ಲಿ ಅಂದ. ನನಗೂ ಮನೆಗೆ ಹೋದರೆ ಸಾಕಾಗಿತ್ತು.

ಮಾರನೇ ದಿನ ಮೆಷಿನ್ನುಗಳಿಗೆಲ್ಲ ಅರಿಶಿನ ಕುಂಕುಮ, ಚೆಂಡುಹೂವು, ಕಾಲಿಗೊಂದೊಂದು ಬಾಳೆಕಂಬ. ಕಂಪ್ಯೂಟರಿನ ನೆತ್ತಿಗೂ ಕುಂಕುಮ ಬಿತ್ತು. ಮಂಗಳಾರತಿ ಮುಗಿದ ಮೇಲೆ ಓನರ್ ಚಂದ್ರಮ್ಮನನ್ನು ಕರೆದು, ಮೊದಲನೇ ಏಟು ನೀನೇ ಹಾಕು ಅಂದರು. ಚಂದ್ರಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಳೇ ಆಪರೇಟರ್. ಹಬ್ಬಕ್ಕೆ ಅಂತ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟುಕೊಂಡು ಬಂದಿದ್ದರು. ನಗುನಗುತ್ತಾ ತಗಡು ಹಿಡಿದು ಕೈ ಒಳಗಿಟ್ಟರು. ಕಾಲು ಪೆಡಲ್ ಹುಡುಕುತ್ತಿತ್ತು.

ಅಷ್ಟರಲ್ಲಿ ಮಫ್ಲರ್ ಸುತ್ತಿಕೊಂಡು ಜ್ವರದಲ್ಲೇ ಬಂದಿದ್ದ ಪುಟ್ಟಸ್ವಾಮಿ ಸರ್, ತಡಿಯಮ್ಮ ಅಂದರು. ಆಮೇಲೆ ಮಹೇಶನ ಕಡೆ ತಿರುಗಿದರು.

"ಆ ಎರರ್ ಹೇಗೆ ಹೋಯ್ತು ಮಹೇಶ?"

"ಹೋಯ್ತು ಸಾರ್, ಕಂಪೈಲ್ ಆಗಿದೆ."

"ಹೋಗಿದ್ದು ಗೊತ್ತಾಯ್ತು ಕಣಯ್ಯಾ. ಹೇಗೆ ಹೋಯ್ತು ಅಂತ ಕೇಳ್ದೆ."

ಮಹೇಶ ಓನರ್ ಕಡೆ ನೋಡಿದ. ಓನರ್ ಮುಖ ಗಂಟಿಕ್ಕಿದರು, ಒಳ್ಳೇ ಹೊತ್ತಿನಲ್ಲಿ ಇದೇನು ಅಪಶಕುನ ಅಂತ. ಸರ್ ಮೆಷಿನ್ನಿನ ಕಾಲಿಗೆ ಕಟ್ಟಿದ್ದ ಬಾಳೆಕಂಬವನ್ನೇ ಬಿಚ್ಚಿದರು. ಪೂಜೆಯ ಕಂಬ, ವಿಸರ್ಜನೆಗೆ ಮುಂಚೆ ಯಾರಾದರೂ ಕೀಳುತ್ತಾರೆಯೇ? ಯಾರೋ ಅಯ್ಯಯ್ಯೋ ಅಂದರು. ಸರ್ ಚಂದ್ರಮ್ಮನನ್ನು ಪಕ್ಕಕ್ಕೆ ಸರಿಸಿ, ಅವರ ಕೈ ಇದ್ದ ಜಾಗದಲ್ಲೇ ಕಂಬದ ತುದಿ ಇಟ್ಟು, ಕಾಲಿನಿಂದ ಪೆಡಲ್ ಒತ್ತಿದರು.

ಪ್ರೆಸ್ ನಿಲ್ಲಲಿಲ್ಲ.

ಒಂದು ಮೆತ್ತನೆ ಸದ್ದು, ಅಷ್ಟೇ. ನನ್ನ ಮುಖಕ್ಕೆ ತಣ್ಣಗೆ ರಸ ಸಿಡಿಯಿತು. ಮಣಿಕಟ್ಟಿನಷ್ಟು ದಪ್ಪದ ಕಂಬ ಜಜ್ಜಿ, ತುಂಡಾಗಿ, ನಾರಿನಲ್ಲಿ ನೇತಾಡುತ್ತಿತ್ತು. ನಾನು ಗೋಡೆ ಹಿಡಿದುಕೊಂಡೆ. ಚಂದ್ರಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಒಳಗೆ ಬಳೆಗಳು ಕಿಣಿಕಿಣಿ ಅನ್ನುತ್ತಲೇ ಇದ್ದವು.

ಮಹೇಶ ಮಾಡಿದ್ದು ಇಷ್ಟೇ. ಲಿಂಕರ್ ಕೇಳುತ್ತಿದ್ದ ಹೆಸರಿನಲ್ಲೇ ಒಂದು ಖಾಲಿ ಫಂಕ್ಷನ್ ಬರೆದು, ಯಾವಾಗ ಕೇಳಿದರೂ ‘ಕೈ ಇಲ್ಲ’ ಅನ್ನುವ ಹಾಗೆ ಮಾಡಿದ್ದ. ಪೂಜೆ ಆದಮೇಲೆ ತೆಗೆಯೋಣ ಅಂತಿದ್ದನಂತೆ. ಛತ್ರಕ್ಕೆ ಬಾರದ ಸೋದರಮಾವನ ಕುರ್ಚಿಯಲ್ಲಿ ದಾರಿಹೋಕನನ್ನು ಕೂರಿಸಿದ ಹಾಗೆ. ಅವನು ಕೆಟ್ಟವನಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಸರ್ ಕಂಪ್ಯೂಟರ್ ಮೇಲಿನ ಹೂವು ಸರಿಸಿ ಕೂತರು. ಖಾಲಿ ಫಂಕ್ಷನ್ ಅಳಿಸಿದರು. ಹಳೇ ಎರರ್ ಮತ್ತೆ ಬಂತು. ಅವರ ಮುಖದಲ್ಲಿ ನೆಮ್ಮದಿ ಕಂಡಿದ್ದು ಆಗಲೇ. ಕಂಪೈಲ್ ಮಾಡುವ ಸಾಲಿನಲ್ಲಿ ನಾವು ಲೈಬ್ರರಿಯ ಹೆಸರನ್ನು ನಮ್ಮ ಫೈಲಿಗಿಂತ ಮುಂಚೆ ಬರೆದಿದ್ದೆವು. ಲಿಂಕರ್ ಎಡದಿಂದ ಬಲಕ್ಕೆ ಒಂದೇ ಸಲ ನೋಡಿಕೊಂಡು ಹೋಗುವುದಂತೆ. ಬೇಕು ಅನ್ನುವವರು ಮೊದಲು, ಕೊಡುವವರು ಆಮೇಲೆ ಇರಬೇಕು. ಲೈಬ್ರರಿಯ ಹೆಸರನ್ನು ಸಾಲಿನ ಕೊನೆಗೆ ಹಾಕಿದರು, ಆಯಿತು. ಉಳಿದ ಕಂಬವನ್ನು ಮತ್ತೆ ಇಟ್ಟರು. ಪ್ರೆಸ್ ಇಳಿಯಲೇ ಇಲ್ಲ. ಎಷ್ಟು ಸಲ ಪೆಡಲ್ ಒತ್ತಿದರೂ ಅಲುಗಲಿಲ್ಲ.

ಓನರ್ ಚಂದ್ರಮ್ಮನನ್ನು ಇನ್ನೊಮ್ಮೆ ಕರೆಯುವ ಧೈರ್ಯ ಮಾಡಲಿಲ್ಲ. ಚಂದ್ರಮ್ಮನೇ ಮೆಲ್ಲಗೆ ಅಂದರು, "ನಾಳಿಕ್ ಬತ್ತೀನಿ ಸಾ. ಇವತ್ತು ಕೈ ಮುಂದಕ್ಕೇ ಓಯ್ತಿಲ್ಲ."

ಪುಟ್ಟಸ್ವಾಮಿ ಸರ್ ನಿವೃತ್ತರಾದರು, ಆಮೇಲೆ ತೀರಿಕೊಂಡರು. ಅವರ ಕುರ್ಚಿ ನನ್ನದು, ಅವರ ಭಯವೂ ನನ್ನದು. ಸ್ಕೂಟರಿನ ಬೀಗ ನಾನೂ ತಿರುಗಿ ಬಂದು ಎಳೆದು ನೋಡುತ್ತೇನೆ. ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನ ಬೆನ್ನ ಹಿಂದೆ ನಗುವುದು ಕೇಳಿಸುತ್ತದೆ. ನಗಲಿ.

ಇವತ್ತು ದಿಂಡಿನ ಕೊನೆಯ ತುಂಡಿಗೆ ಚಾಕು ಇಡುವ ಹೊತ್ತಿಗೆ ಫೋನು ಗುಂಯ್ ಅಂದಿತು. ನಮ್ಮಲ್ಲಿ ಹೊಸದಾಗಿ ಸೇರಿರುವ ಕಾವ್ಯಾಳ ಮೆಸೇಜು. ನಾಳೆ ಇನ್ನೊಂದು ಪ್ರೆಸ್ ಚಾಲೂ ಆಗಬೇಕು, ಮೊದಲನೇ ಏಟು ಹಾಕುವವರು ಚಂದ್ರಮ್ಮನೇ; ಕಾವ್ಯಾ ನಿನ್ನೆಯಿಂದ ಲಿಂಕಿಂಗಿನಲ್ಲಿ ಒದ್ದಾಡುತ್ತಿದ್ದಳು. ‘ಎರರ್ ಹೋಯ್ತು ಮೇಡಂ’ ಅಂತ ಬರೆದು ಪಕ್ಕದಲ್ಲಿ ಒಂದು ನಗುಮುಖ ಹಾಕಿದ್ದಳು. ಬೇರೇನೂ ಇಲ್ಲ.

ಚಾಕು ಕೆಳಗಿಟ್ಟು, ಆ ತುಂಡನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

"ಅದು ಪಲ್ಯಕ್ಕಲ್ವಾ?" ಅಂದರು ಇವರು.

"ಅಲ್ಲ ಕಣ್ರೀ," ಅಂದೆ, "ಚಂದ್ರಮ್ಮನ ಕೈಗೆ ಬದಲು."

ಇವರು ಈ ಸಲ ನಗಲಿಲ್ಲ.