ಪಕ್ಕದ ಮನೆಯ ಕೌಂಟ್ ಮತ್ತು ಬೀಗರ ಊಟ

ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಯುರೋಪಿನ ಕೌಂಟ್, ನಮ್ಮ ಕಡೆಯ ಪಾಳೇಗಾರರ ಹಾಗೆ. ಹುಟ್ಟಿದ್ದು ಕೋಟೆಯಲ್ಲಿ, ಸುತ್ತ ಕಂದಕವೂ ಇತ್ತಂತೆ. ಯುದ್ಧದಲ್ಲಿ ಕೋಟೆ ಹೋಯಿತು, ಆಮೇಲೆ ಬಂದ ಸರ್ಕಾರ ಬಿರುದನ್ನೂ ಕಿತ್ತುಕೊಂಡಿತು. ಉಳಿದದ್ದು ನಾಲ್ಕು ಭಾಷೆ ಮತ್ತು ಊಟದ ಮೇಜಿನ ರೀತಿನೀತಿ. ಅಷ್ಟನ್ನೇ ಬಂಡವಾಳ ಮಾಡಿಕೊಂಡು ರಾಜತಾಂತ್ರಿಕ ಸೇವೆ ಸೇರಿ, ಊರೂರು ಸುತ್ತಿ, ಕೊನೆಗೆ ವಾಷಿಂಗ್ಟನ್ನಿಗೆ ಬಂದು ನಿವೃತ್ತರಾದರು. ಇಷ್ಟು ದೊಡ್ಡ ಮನುಷ್ಯ ನಮ್ಮ ಮನೆಗೆ ಮೊಸರಿನ ಹೆಪ್ಪು ಕೇಳಲು ಬರುತ್ತಿದ್ದರು, ಅದೂ ಟೈ ಕಟ್ಟಿಕೊಂಡು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಮಗಳ ನಿಶ್ಚಿತಾರ್ಥಕ್ಕೆ ಅವರನ್ನೂ ಕರೆದಿದ್ದೆವು. ಹುಡುಗನಿಗೆ ಅಪ್ಪ ಇರಲಿಲ್ಲ; ಸಾಕಿ ಓದಿಸಿದವರು ದೊಡ್ಡಪ್ಪ. ಅವರು ಲಾರೆನ್ಸ್‌ವಿಲ್‌ನಿಂದ ಹಿಂದಿನ ದಿನವೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಬಾಡಿಗೆ ಹಾಲ್‌ನಲ್ಲಿ ಉಂಗುರ ತೊಡಿಸಿದ್ದಾಯಿತು, ಫೋಟೊ ಆಯಿತು. ನಾನು ಮೈಕ್ ಹಿಡಿದು, "ಊಟ ರೆಡಿ ಅದ, ಎಲ್ಲಾರೂ ಪ್ಲೇಟ್ ತಗೋರಿ" ಎಂದು ಕೂಗಿ, ಕೆಲಸ ಮುಗಿಯಿತೆಂದು ಹಿಗ್ಗಿದೆ.

ಎಂಥ ಮಂಕು ನಾನು! ಬೀಗರ ಹತ್ತಿರ ಹೋಗಿ, ಕೈಮುಗಿದು ಊಟಕ್ಕೆ ಎಬ್ಬಿಸಬೇಕೆಂಬುದು ಧಾರವಾಡದಲ್ಲಿ ಹುಟ್ಟಿ ಬೆಳೆದ ನನಗೆ ಮರೆತೇ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮಗಳು ಓಡಿಬಂದಳು.

"ಅಮ್ಮಾ, ದೊಡ್ಡಪ್ಪ ಲಾಬೀಲಿ ಕೂತಿದಾರೆ. ಹಂಗ್ರಿ ಇಲ್ಲ ಅಂತಾರೆ. ಇವ್ನೂ ಈಟ್ ಮಾಡಲ್ವಂತೆ."

ಅವಳ ಕಣ್ಣು ತುಂಬಿತ್ತು. ಆ ಮನುಷ್ಯ ಉಣ್ಣದೆ ಎದ್ದು ಹೋದರೆ ಸಂಬಂಧ ಶುರುವಿನಲ್ಲೇ ಕೆಡುತ್ತಿತ್ತು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. "ಮೈಕ್‌ನಾಗ ಕರದೀನಲ್ಲ! ಇನ್ನೇನು ಪಲ್ಲಕ್ಕಿ ಕಳಸಬೇಕೇನು?"

ಪಕ್ಕದಲ್ಲಿದ್ದ ಕೌಂಟ್ ಏನಾಯಿತೆಂದು ಕೇಳಿದರು. ಹೇಳಿದೆ.

"ಮೈಕಿನ ಕರೆ ಜನರಿಗೆ. ಅವರು ಜನರಲ್ಲಿ ಒಬ್ಬರಲ್ಲ," ಎಂದರು ಇಂಗ್ಲಿಷಿನಲ್ಲಿ. "ನಡೆಯಿರಿ. ನೀವು ಮುಂದೆ, ನಾನು ಹಿಂದೆ."

ದೊಡ್ಡಪ್ಪ ತಮ್ಮ ಷೂ ನೋಡುತ್ತ ಕೂತಿದ್ದರು. ನಾನು ಕೈಮುಗಿದೆ. "ನಂದು ತಪ್ಪಾತ್ರಿ ಅಣ್ಣಾರ. ಊಟಕ್ಕ ಏಳ್ರಿ."

"ಇರ್ಲಿ ಬಿಡ್ರಿ. ನನಗ ಹಸಿವಿಲ್ಲ."

ಕೌಂಟ್ ಸೊಂಟ ಬಗ್ಗಿಸಿ ವಂದಿಸಿದರು. "ನನ್ನ ದೇಶದಲ್ಲಿ ಮುಖ್ಯ ಅತಿಥಿ ಕೂರುವವರೆಗೆ ಯಾರೂ ಚಮಚ ಎತ್ತುವಂತಿಲ್ಲ. ನನಗೆ ಎಂಬತ್ತೆರಡು ವರ್ಷ. ಹಸಿವಿನಿಂದ ಕಾಲು ನಡುಗುತ್ತಿದೆ. ದಯವಿಟ್ಟು ಬೇಗ ಏಳಿ."

ದೊಡ್ಡಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆ ಅಲುಗಿತು. "ಅಯ್ಯ, ಅಜ್ಜಾರು ಹಸಕೊಂಡಾರಲ್ರಿ! ನಡೀರಿ ನಡೀರಿ" ಎಂದು ತಾವೇ ಕೌಂಟರ ತೋಳು ಹಿಡಿದು ಹೊರಟರು. ಇಬ್ಬರೂ ಅಕ್ಕಪಕ್ಕ ಕೂತು, ತುಪ್ಪ ಸುರಿಸಿಕೊಂಡು, ಪೈಪೋಟಿಗೆ ಬಿದ್ದು ಹೋಳಿಗೆ ತಿಂದರು. ಹುಡುಗನೂ ಎರಡೆರಡು ಸಲ ಬಡಿಸಿಕೊಂಡ. ನನಗಂತೂ ಕುಣಿಯುವಷ್ಟು ಖುಷಿ.

ಊಟವಾದ ಮೇಲೆ ಕೌಂಟ್ ಹೊರಗಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. "ನಿಮ್ಮ ರಾಜತಾಂತ್ರಿಕತೆ ನಮ್ಮನ್ನು ಉಳಿಸಿತು," ಎಂದೆ.

"ಅದನ್ನು ಕಲಿತದ್ದು ಕೆಲಸದಲ್ಲಿ ಅಲ್ಲ," ಎಂದರು. "ನಾನು ಕಟುಕನ ಮಗಳನ್ನು ಮದುವೆಯಾದೆ. ನನ್ನ ಅಪ್ಪ ಚರ್ಚಿನವರೆಗೆ ಬಂದರು, ಕಾರಿನಿಂದ ಇಳಿಯಲಿಲ್ಲ. ಬರುವುದಾದರೆ ತಾವೇ ಬರಲಿ ಎಂದು ನಾನು ಬಾಗಿಲಲ್ಲೇ ನಿಂತೆ. ಅವರು ಕಾರು ತಿರುಗಿಸಿಕೊಂಡು ಹೋದರು. ಮತ್ತೆ ಅವರನ್ನು ನೋಡಿದ್ದು ಶವಪೆಟ್ಟಿಗೆಯಲ್ಲಿ."

ಒಳಗೆ ದೊಡ್ಡಪ್ಪ ಜೋರಾಗಿ ನಗುತ್ತಿದ್ದರು. ನಾನು ಕೌಂಟರ ಮುಂದೆ ನಿಂತು, ಎರಡೂ ಕೈ ಮುಗಿದು, "ಅಜ್ಜಾರ, ಕಾಫಿಗೆ ಏಳ್ರಿ" ಎಂದು ಕನ್ನಡದಲ್ಲೇ ಕರೆದೆ.

ಅವರು ಎದ್ದರು.